ಉಜ್ಜಿದ ಗಾಜು

"ಅದೇನು ಮುಖ ಅದು? ಹೆಣ ಕಾಯೋಕೆ ಬಂದಿದ್ದೀಯಾ ಇಲ್ಲಿ? ನಗು ಸ್ವಲ್ಪ. ನಗೋಕೂ ಬೇರೆ ಕೂಲಿ ಕೊಡಬೇಕಾ ನಿಂಗೆ?"

ಮ್ಯಾನೇಜರ್ ಬೈದದ್ದು ನನಗಲ್ಲ, ನನ್ನ ಪಕ್ಕದಲ್ಲಿ ಕೂತಿದ್ದ ನನ್ನ ಓರಗಿತ್ತಿಗೆ. ಅವಳು ಬ್ಯಾಂಡೇಜು ಸುತ್ತಿದ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಲ್ಲೇ ಗಾಜಿನ ಚೂರು ಆರಿಸುತ್ತಿದ್ದಳು. ಬೈಯುವಾಗಲೂ ಅವನು ನಗುತ್ತಲೇ ಇದ್ದ. ಕಂಪನಿಯ ರೂಲ್ಸು ಹಾಗೆ. ಗೇಟಿನೊಳಗೆ ಕಾಲಿಟ್ಟ ಮೇಲೆ ಯಾರ ಮುಖದಲ್ಲೂ ನಗು ಆರಬಾರದು. ಅವನಿಗೆ ನಾವು ಇಟ್ಟ ಹೆಸರು ಹಲ್ಲುಕಿರುಕ.

"ನಗ್ತೀನಿ ಸರ್," ಅಂದಳು ಓರಗಿತ್ತಿ. ನಕ್ಕಳು ಕೂಡ. ನನಗೆ ಮೈಯೆಲ್ಲ ಉರಿದುಹೋಯಿತು.

"ಇನ್ನೊಂದು ಮಾತು. ನಾಳೆ ಆ ಕೈ ಯಾರ ಕಣ್ಣಿಗೂ ಬೀಳಬಾರ್ದು. ಮನಸ್ಸು ಗಟ್ಟಿ ಮಾಡ್ಕೊಳ್ಳೋಕೆ ಬಂದಿರೋ ಜನ ಅವ್ರು. ನಿನ್ನ ಕೈ ನೋಡಿದ್ರೆ ಅರ್ಧ ಜನ ಎದ್ದು ಹೋಗ್ತಾರೆ. ಹಿಂದ್ಗಡೆ ಎಲ್ಲಾದ್ರೂ ಸತ್ತಿರು."

ಅವನು ಶೆಡ್ಡಿನ ಬಾಗಿಲು ದಾಟುವವರೆಗೆ ನಾವು ಐದೂ ಜನ ಹಲ್ಲು ಬಿಟ್ಟುಕೊಂಡೇ ಚೂರು ಆರಿಸಿದೆವು. ಆಮೇಲೆ ದೊಡ್ಡಮ್ಮ ಒಂದು ಚೂರನ್ನು ಬಕೆಟ್ಟಿಗೆ ಎಸೆದು, "ಹೋದ್ನಾ ಬೋಳಿಮಗ? ಅವ್ನ ಹೆಂಡ್ತಿ ಗತಿ ನೆನೆಸ್ಕೊಳ್ರೇ. ನಿದ್ದೇಲೂ ಹಲ್ಲು ಬಿಟ್ಕೊಂಡೇ ಮಲಗಿರ್ತಾನೆ," ಅಂದಳು. ದೊಡ್ಡಮ್ಮ ನಮ್ಮಲ್ಲೆಲ್ಲ ಹಿರಿಯಳು. ಯಾರಿಗೂ ನೆಂಟಳಲ್ಲ, ಆದರೂ ಎಲ್ಲರಿಗೂ ದೊಡ್ಡಮ್ಮ. ಅವಳ ಬೆರಳ ತುದಿಗಳಲ್ಲಿ ಈಗ ಸ್ಪರ್ಶವೇ ಇಲ್ಲ. ಗಾಜು ಮುಟ್ಟಿದರೂ ಒಂದೇ, ಸೋಪು ಮುಟ್ಟಿದರೂ ಒಂದೇ ಅನ್ನುತ್ತಾಳೆ.

ನಮ್ಮ ಕಂಪನಿ ಮಾರುವುದು ಧೈರ್ಯವನ್ನು. ಮೂರು ದಿನದ ಶಿಬಿರ. ಬ್ಯಾಂಕಿನವರು, ಅಂಗಡಿಯವರು, ಮಾಲು ಹಿಡಿದು ಮನೆಮನೆ ಅಲೆಯುವವರು, ಸಂಸಾರ ಮುರಿದುಕೊಂಡವರು, ಎಲ್ಲ ತರಹದವರೂ ಬರುತ್ತಾರೆ. ಮೊದಲನೆಯ ದಿನ ಅಳುತ್ತಾರೆ. ಎರಡನೆಯ ದಿನ ಗುರುತಿಲ್ಲದವರನ್ನು ತಬ್ಬಿಕೊಂಡು "ನನ್ನ ಕೈಲಾಗುತ್ತೆ, ನನ್ನ ಕೈಲಾಗುತ್ತೆ" ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಮೂರನೆಯ ದಿನ ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ನಡೆಯುತ್ತಾರೆ. ಅದನ್ನು ನಡೆಸುವವರನ್ನು ಎಲ್ಲರೂ ಕೋಚ್ ಸರ್ ಅನ್ನುತ್ತಾರೆ. ಹೊರಗಿನ ಬೋರ್ಡಿನ ತುಂಬ ಅವರ ಎರಡು ಪಾದಗಳದೇ ಚಿತ್ರ, ಅದರ ಕೆಳಗೆ ಭಯವಿಲ್ಲದವನನ್ನು ಗಾಜು ಕೊಯ್ಯುವುದಿಲ್ಲ ಅಂತ ದಪ್ಪ ಅಕ್ಷರ.

ಭಯವಿಲ್ಲದವನನ್ನು ಯಾಕೆ ಕೊಯ್ಯುವುದಿಲ್ಲ ಅಂತ ನಮ್ಮನ್ನು ಕೇಳಬೇಕು. ಬಾರುಗಳಿಂದ ಮೂಟೆಗಟ್ಟಲೆ ಖಾಲಿ ಬಾಟಲಿ ಬರುತ್ತವೆ. ನೆನೆಹಾಕಿ ಲೇಬಲ್ಲು ಕೀಳುತ್ತೇವೆ. ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯುತ್ತೇವೆ. ಕತ್ತು, ಬುಡ ಬೇರೆ ತೆಗೆಯುತ್ತೇವೆ, ಅವು ನೆಟ್ಟಗೆ ನಿಂತು ಕಾಲಿಗೆ ನಾಟುತ್ತವೆ. ಉಳಿದದ್ದನ್ನು ಮರಳು, ನೀರಿನ ಜೊತೆ ಡ್ರಮ್ಮಿಗೆ ಹಾಕಿ ತಿರುಗಿಸಿದರೆ ಅಂಚು ಸಾಯುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ಒಂದೊಂದು ಚೂರನ್ನೂ ಎತ್ತಿ ಸುತ್ತಲೂ ಬೆರಳಾಡಿಸಿ ನೋಡಬೇಕು. ಗ್ಲೌಸ್ ಹಾಕಿದರೆ ಅಂಚು ಗೊತ್ತಾಗುವುದಿಲ್ಲ, ಬರಿಗೈಯೇ ಆಗಬೇಕು. ಹಾಗೆ ಪಾಸಾದದ್ದನ್ನು ಗೇಣು ದಪ್ಪಕ್ಕೆ ಹಾಸಿದರೆ ಹಾಲುಗಲ್ಲದ ಕೂಸೂ ಅದರ ಮೇಲೆ ನಡೆದೀತು. ನಾವು ಅದಕ್ಕೆ ಹಾಸಿಗೆ ಅನ್ನುತ್ತೇವೆ. ಒಮ್ಮೆ ಹಾಸಿದ್ದು ಎರಡು ಶಿಬಿರಕ್ಕೆ ಬಾರದು, ಮಂಕಾಗುತ್ತದೆ, ಕೋಚ್ ಸರ್‌ಗೆ ಹೊಳಪು ಬೇಕು. ಹಾಗಾಗಿ ಪ್ರತಿಸಲವೂ ಹೊಸ ಬಾಟಲಿ, ಹೊಸ ಗಾಯ.

ಒಂಬತ್ತು ದಿನದ ಹಿಂದೆ ಡ್ರಮ್ಮಿನ ಮೋಟಾರು ಸುಟ್ಟುಹೋಯಿತು. ರಿಪೇರಿಯವನು ಬರುವವರೆಗೆ ಕೈಯಲ್ಲೇ ಉಜ್ಜಿ ಅಂದ ಹಲ್ಲುಕಿರುಕ. ಮುನ್ನೂರು ಜನ ನಡೆಯುವಷ್ಟು ಗಾಜನ್ನು ಕಲ್ಲಿಗೆ ಉಜ್ಜುತ್ತ ಕೂತೆವು. ಎರಡನೆಯ ದಿನ ಸಂಜೆ ಓರಗಿತ್ತಿಯ ಕೈಯಿಂದ ಒಂದು ಬುಡ ಜಾರಿತು. ಬೀಳುವ ಬಟ್ಟಲನ್ನು ಹಿಡಿಯುವ ಹಾಗೆ ಗಪ್ಪನೆ ಹಿಡಿದುಬಿಟ್ಟಳು. ಅಂಗೈ ಅಡ್ಡಕ್ಕೆ ಬಾಯಿಬಿಟ್ಟಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಮೇಲಿನ ಚರ್ಮ ಹೊಲಿದು ಕಳಿಸಿದರು. ಆದರೆ ಕಿರುಬೆರಳು, ಉಂಗುರದ ಬೆರಳು ಎರಡೂ ಮಡಚಲೇ ಇಲ್ಲ.

ಈ ಕೆಲಸಕ್ಕೆ ಅವಳನ್ನು ಕರೆತಂದವಳು ನಾನೇ. ಅಣ್ಣತಮ್ಮಂದಿರಿಬ್ಬರೂ ಲಾರಿಯ ಮೇಲೆ ಇರುತ್ತಾರೆ, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೂ, ಮಕ್ಕಳೂ. ಕೂತು ಮಾಡುವ ಕೆಲಸ, ನೆರಳಿದೆ, ಬಾರೇ ಅಂತ ನಾನೇ ಅಂದಿದ್ದೆ.

ಕಾರ್ಮಿಕರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಬೆರಳು ಹಿಡಿದು ಎಳೆದು ನೋಡಿ, ಬೆರಳು ಮಡಚುವ ಹುರಿ ಒಳಗೆ ತುಂಡಾಗಿದೆ ಅಂದಳು. "ಹದಿನೈದು ದಿನದೊಳಗೆ ಸೇರಿಸಿ ಹೊಲೀಬೇಕು ನೋಡಮ್ಮ. ಆಮೇಲೆ ಹುರಿ ಮುದುರ್ಕೊಂಡು ಮೇಲೆ ಹೋಗ್ಬಿಡುತ್ತೆ. ಆಗ ನಾನಲ್ಲ, ಯಾರು ಬಂದ್ರೂ ಅಷ್ಟೆ." ಆಪರೇಷನ್ ಅಲ್ಲಿ ಪುಕ್ಕಟೆ. ಆದರೆ ಕೆಲಸದಲ್ಲಿದ್ದಾಗಲೇ ಆದ ಗಾಯ ಅಂತ ಕಂಪನಿಯವರು ಒಂದು ಕಾಗದ ಬರೆದುಕೊಡಬೇಕು. ಯಾವ ದಿನ, ಯಾವ ಕೆಲಸ, ಏನು ಕೊಯ್ದದ್ದು. ಮೂರು ಸಾಲು ಸಾಕು. ಆ ಮೂರು ಸಾಲಿಗಾಗಿ ನಾವು ಆರು ದಿನದಿಂದ ಹಲ್ಲುಕಿರುಕನ ಹಿಂದೆ ಸುತ್ತುತ್ತಿದ್ದೆವು. ಶಿಬಿರ ಮುಗೀಲಿ, ಶಿಬಿರ ಮುಗೀಲಿ ಅನ್ನುತ್ತಿದ್ದ.

ಅವತ್ತು ಮಧ್ಯಾಹ್ನ ಕೋಚ್ ಸರ್ ಊಟ ಮುಗಿಸಿ ಆಫೀಸಿನಲ್ಲಿ ಕೂತಿದ್ದಾಗ ನಾವಿಬ್ಬರೂ ನೇರ ಒಳಗೆ ಹೋದೆವು. ಹಲ್ಲುಕಿರುಕ ತಡೆಯಲು ಎದ್ದ. ಕೋಚ್ ಸರ್ ಕೈಯೆತ್ತಿ ಅವನನ್ನು ಕೂರಿಸಿದರು. ಮನುಷ್ಯ ಎಂದೂ ದನಿ ಏರಿಸುವುದಿಲ್ಲ. ಗಾಯಕ್ಕೆ ಹಚ್ಚುವ ಎಣ್ಣೆಯ ಹಾಗೆ ಮಾತು.

"ಏನಾಯ್ತು ತಾಯಿ ಕೈಗೆ?"

"ಗಾಜು ಕೊಯ್ತು ಸರ್," ಅಂದಳು ಓರಗಿತ್ತಿ.

"ಅಲ್ಲೇ ತಪ್ಪು ಮಾಡ್ತಿರೋದು ನೀನು. ಗಾಜು ಕೊಯ್ತು ಅಂತ ಯಾಕೆ ಹೇಳ್ತೀಯ? ಗಾಜು ಸುಮ್ಮನೆ ಇರುತ್ತೆ. ಅದಕ್ಕೇನು ನಿನ್ನ ಮೇಲೆ ದ್ವೇಷವಾ? ನನ್ನ ಗಮನ ತಪ್ತು, ನಾನು ಹೆದರಿದೆ, ಅಂತ ಹೇಳಿ ನೋಡು. ಅರ್ಧ ನೋವು ಅಲ್ಲೇ ಹೋಗುತ್ತೆ."

ನಾನು ಆಸ್ಪತ್ರೆಯ ಚೀಟಿ ಮೇಜಿನ ಮೇಲಿಟ್ಟೆ. "ಸರ್, ನೋವಿನ ಮಾತಲ್ಲ. ಬೆರಳು ಮಡಚ್ತಿಲ್ಲ. ಹದಿನೈದು ದಿನ ಅಂದಿದ್ದಾರೆ, ಎಂಟು ಆಗೋಯ್ತು. ಒಂದು ಕಾಗದ ಬರ್ಕೊಡಿ ಸಾಕು."

ಅವರು ಚೀಟಿಯನ್ನು ಮುಟ್ಟಲಿಲ್ಲ. "ಇಲ್ಲಿ ನೋಡಮ್ಮ. ನಾಳೆ ಮುನ್ನೂರು ಜನ ಈ ಗಾಜಿನ ಮೇಲೆ ನಡೀತಾರೆ. ಇದು ಕೊಯ್ಯಲ್ಲ ಅಂತ ನಂಬಿ ನಡೀತಾರೆ. ಅದೇ ಗಾಜು ಕೊಯ್ತು ಅಂತ ನನ್ನ ಹೆಸರಿರೋ ಕಾಗದದಲ್ಲಿ ನಾನೇ ಬರೀಬೇಕಾ? ನೀನೇ ಹೇಳು."

ಅವರು ಓರಗಿತ್ತಿಯನ್ನೇ ನೋಡಿದರು. ಸಂತೆಯಲ್ಲಿ ಮಾಲು ನೋಡುವ ಹಾಗೆ ನೋಡಿದರು.

"ಒಂದು ಕೆಲಸ ಮಾಡು. ನಾಳೆ ಸ್ಟೇಜಿಗೆ ಬಾ. ಎಲ್ಲರ ಮುಂದೆ ಹೇಳು. ನಾನು ಹೆದರಿದ್ದೆ, ಅದಕ್ಕೇ ಕೈ ಕೊಯ್ಕೊಂಡೆ, ಈಗ ಭಯ ಇಲ್ಲ. ಇಷ್ಟೇ. ಹೇಳಿ ಗಾಜಿನ ಮೇಲೆ ನಡೆದುಬಿಡು. ಆಮೇಲೆ ನಿನ್ನ ಕಾಗದದ ವಿಚಾರ ನೋಡೋಣ."

"ನೋಡೋಣ ಅಂದ್ರೆ ಬರ್ಕೊಡ್ತೀರಾ ಸರ್?" ಅಂದೆ ನಾನು.

"ಮೊದಲು ನಂಬಿಕೆ. ನಂಬಿಕೆ ಇಲ್ಲದವರ ಜೊತೆ ನಾನು ಮಾತಾಡಲ್ಲ."

"ಹಂಗಾದ್ರೆ ಕೈ ಮುಚ್ಕೊಳ್ಳೋದು ಬೇಡ್ವಾ ಸರ್?" ಅಂತ ಹಲ್ಲುಕಿರುಕ ಕೇಳಿದ. ಬೇಡ, ಚೆನ್ನಾಗಿ ಕಾಣಲಿ, ಹೊಸ ಬ್ಯಾಂಡೇಜು ಕಟ್ಟಿಸಿ ಅಂದರು ಕೋಚ್ ಸರ್.

ದಾರಿಯಲ್ಲಿ ನಾನು ಅವಳ ಜೊತೆ ಜಗಳವಾಡಿದೆ. "ಬೇಡ ಕಣೇ. ಮೈ ಮುರಿದು ದುಡಿದು, ಕೈ ಕೊಯ್ಕೊಂಡು, ಆಮೇಲೆ ತಪ್ಪು ನಂದೇ ಅಂತ ಊರೆಲ್ಲ ಸಾರ್ಬೇಕಾ? ಎಲ್ಲಿದೆ ಈ ನ್ಯಾಯ?"

"ಅಕ್ಕಾ, ನಂಗೆ ನ್ಯಾಯ ಆಮೇಲೆ. ಬೆರಳು ಮಡಚ್ಬೇಕು ಮೊದ್ಲು," ಅಂದಳು. "ನಿನ್ನೆ ನೀನು ನೀರಿಗೆ ಹೋಗಿದ್ದಾಗ ಮಗಳಿಗೆ ಜಡೆ ಹಾಕೋಕೆ ಕೂತೆ. ಮೂರು ಸಲ ಹಾಕ್ದೆ, ಮೂರು ಸಲಾನೂ ಬಿಚ್ಚೋಯ್ತು. ಬಿಡಮ್ಮ, ಪಕ್ಕದ ಮನೆ ಅತ್ತೆ ಹತ್ರ ಹಾಕಿಸ್ಕೋತೀನಿ ಅಂದ್ಬಿಟ್ಲು ಅವ್ಳು. ಅದೇನು ಹೇಳು ಅಂತಾರೋ ಹೇಳ್ತೀನಿ. ನನ್ ನಾಲ್ಗೆ ಏನು ಸವೆದೋಗುತ್ತಾ?"

ಶೆಡ್ಡಿಗೆ ಹೋಗಿ ಹಾಸಿಗೆಯ ಕೆಲಸಕ್ಕೆ ಕೂತೆ. ಅವಳು ನಡೆಯುವ ಗಾಜು ಅಂತ ಒಂದೊಂದು ಚೂರಿಗೂ ಎರಡೆರಡು ಸಲ ಬೆರಳಾಡಿಸಿದೆ. ಸಂಜೆಯ ಹೊತ್ತಿಗೆ ನನ್ನ ಬೆರಳಲ್ಲೂ ಸಣ್ಣ ಸಣ್ಣ ಕೆಂಪು ಗೆರೆಗಳು.

ಮಾರನೆಯ ದಿನ ಹಾಲಿನ ಬಾಗಿಲಲ್ಲಿ ಮುನ್ನೂರು ಜೊತೆ ಚಪ್ಪಲಿ, ಬೂಟು. ಗಾಜಿನ ಹೊತ್ತಿನಲ್ಲಿ ಒಳಗೆ ಎಲ್ಲರೂ ಬರಿಗಾಲಲ್ಲಿ ಇರಬೇಕು, ಮ್ಯಾನೇಜರೂ ಅಷ್ಟೆ. ಹಾಸಿಗೆ ನೋಡಿಕೊಳ್ಳುವ ನಮಗೆ ಮಾತ್ರ ದಪ್ಪ ರಬ್ಬರ್ ಬೂಟು. ಕೋಚ್ ಸರ್ ಸ್ಟೇಜಿನ ಮೇಲೆ ಒಂದು ಹಸಿರು ಬಾಟಲಿ ಎತ್ತಿ ಎಲ್ಲರಿಗೂ ತೋರಿಸಿ, ಹಾಸಿಗೆಯ ಆಚೆ ತುದಿಯಲ್ಲಿ ಫಳಾರನೆ ಒಡೆದರು. ಜನ ಹಾ ಅಂದರು. ದೀಪ ಆರಿತು. ಆ ಕತ್ತಲಲ್ಲಿ ದೊಡ್ಡಮ್ಮ ಹೋಗಿ ಆ ಚೂರನ್ನೆಲ್ಲ ಬಳಿದು ತಂದಳು. ಅದೂ ನಮ್ಮ ಕೆಲಸವೇ. ಮತ್ತೆ ದೀಪ ಬಂದಾಗ ನನ್ನ ಓರಗಿತ್ತಿ ನಿಂತಿದ್ದಳು, ಬೆಳ್ಳನೆ ಹೊಸ ಬ್ಯಾಂಡೇಜು ಎದೆಗೆ ಒತ್ತಿಕೊಂಡು.

ಹೇಳಿಕೊಟ್ಟದ್ದನ್ನು ಹೇಳಿದಳು. ನಾನು ಹೆದರಿದ್ದೆ. ಅದಕ್ಕೇ ಕೈ ಕೊಯ್ಕೊಂಡೆ. ಗಾಜಿನ ತಪ್ಪಲ್ಲ. ಈಗ ಭಯ ಇಲ್ಲ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಹನ್ನೆರಡು ಹೆಜ್ಜೆ ನಡೆದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಟೈ ಕಟ್ಟಿದವನೊಬ್ಬ ಓಡಿ ಬಂದು ಅವಳನ್ನು ತಬ್ಬಿಕೊಂಡ. ಗಾಯದ ಕೈ ನಡುವೆ ಸಿಕ್ಕಿ ಅವಳು ಚೀರಿದಳು. ಆನಂದಕ್ಕೆ ಚೀರಿದಳು ಅಂದುಕೊಂಡು ಜನ ಇನ್ನೂ ಜೋರಾಗಿ ತಟ್ಟಿದರು.

ಟೀ ಬಿಟ್ಟಾಗ ಪರದೆಯ ಹಿಂದೆ ಹಲ್ಲುಕಿರುಕನನ್ನು ಹಿಡಿದೆವು.

"ಕಾಗದ ಸರ್," ಅಂದಳು ಅವಳು.

"ಯಾವ ಕಾಗದ?"

"ಆಸ್ಪತ್ರೆಗೆ. ಸರ್ ಹೇಳಿದ್ರಲ್ಲ."

ಅವನು ಟೀ ಊದಿಕೊಂಡು ಕುಡಿದ. "ಅಲ್ಲಮ್ಮ, ನೀನೇ ಈಗ ಮೈಕಲ್ಲಿ ಹೇಳಿದ್ಯಲ್ಲ, ಹೆದರ್ಕೊಂಡು ನಾನೇ ಕೊಯ್ಕೊಂಡೆ, ಗಾಜಿನ ತಪ್ಪಲ್ಲ ಅಂತ. ಮುನ್ನೂರು ಜನ ಕೇಳಿದ್ದಾರೆ, ವಿಡಿಯೋ ಆಗಿದೆ. ಈಗ ಕೆಲಸದಿಂದ ಆದ ಗಾಯ ಅಂತ ನಾವು ಬರ್ಕೊಟ್ರೆ, ನೀನು ಸುಳ್ಳು ಹೇಳ್ದೆ ಅಂತಾಗಲ್ವಾ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ನಮಗೆ ಅದು ಹೊಳೆದೇ ಇರಲಿಲ್ಲ. ಗಾಜಿನ ಚೂರಿನ ಸುತ್ತ ಬೆರಳಾಡಿಸಿ ಗೊತ್ತು ನಮಗೆ, ಮಾತಿನ ಸುತ್ತ ಆಡಿಸಿ ಗೊತ್ತಿಲ್ಲ.

"ಹಂಗಾದ್ರೆ ಬೆರಳು?" ಅಂತ ಕೇಳಿದಳು ಓರಗಿತ್ತಿ. ಜಗಳದ ದನಿಯಲ್ಲಿ ಅಲ್ಲ. ಬಸ್ಸು ಯಾವಾಗ ಅಂತ ಕೇಳುವ ಹಾಗೆ ಕೇಳಿದಳು.

"ಎಂಟು ಬೆರಳು ಚೆನ್ನಾಗೇ ಇವೆಯಲ್ಲ. ಇರೋದನ್ನ ನೋಡೋಕೆ ಕಲ್ತ್ಕೋ," ಅಂದು ಅವನು ಲೋಟ ಅವಳ ಎಡಗೈಗೆ ಕೊಟ್ಟು ಹೋದ. ತೊಳೆಯಲಿ ಅಂತ ಕೊಟ್ಟದ್ದು. ಅವಳು ತೊಳೆಯಲು ಹೊರಟಳು ಕೂಡ. ನಾನು ಲೋಟ ಕಿತ್ತುಕೊಂಡು ಕೆಳಗಿಟ್ಟೆ. ನನಗೆ ಸಿಟ್ಟು ಬಂದಿತ್ತು ಅಂದರೆ ಪೂರ್ತಿ ನಿಜವಲ್ಲ. ಸಾಕಾಗಿತ್ತು. ಮೂಳೆಯೊಳಗಿನಿಂದ ಸಾಕಾಗಿತ್ತು.

ಟೀ ಆದ ಮೇಲೆ ಮುನ್ನೂರು ಜನರ ನಡಿಗೆ. ಎಲ್ಲರಿಗಿಂತ ಮೊದಲು ಕೋಚ್ ಸರ್ ನಡೆಯುವುದು ಪದ್ಧತಿ. ಹಾಸಿಗೆಯ ತಲೆಯ ಕಡೆ ಒಂದು ಮರದ ಮಣೆ ಇರುತ್ತದೆ. ಅದರ ಮೇಲೆ ಬರಿಗಾಲಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ಒಂದು ನಿಮಿಷ ಕಣ್ಣು ಮುಚ್ಚುತ್ತಾರೆ. ಮೂಲೆಯ ಮೇಜಿನಿಂದ ಮೈಕಿನವನು ನಗಾರಿಯ ಸದ್ದು ಹಾಕುತ್ತಾನೆ. ಹಾಲಿನಲ್ಲಿರುವವರೂ ಎಲ್ಲ ಕಣ್ಣು ಮುಚ್ಚಬೇಕು. ಆ ಒಂದು ನಿಮಿಷ ತನ್ನ ಭಾರಕ್ಕೇ ಅಮುಕಿಕೊಂಡ ಹಾಸಿಗೆಯನ್ನು ನಾವು ಕೆದರಿ ಸರಿಮಾಡುತ್ತೇವೆ.

ನಾನು ಶೆಡ್ಡಿಗೆ ಹೋದೆ. ಮುಂದಿನ ಶಿಬಿರಕ್ಕೆ ಅಂತ ಒಡೆದಿಟ್ಟ ಮೂಟೆ ಮೂಲೆಯಲ್ಲಿತ್ತು. ಇನ್ನೂ ಡ್ರಮ್ಮಿಗೆ ಬೀಳದ್ದು, ಕತ್ತು ಬುಡ ಎಲ್ಲ ಅದರಲ್ಲೇ. ಎಳೆಯತೊಡಗಿದೆ. ಒಬ್ಬಳ ಕೈಲಿ ಆಗುವ ಭಾರವಲ್ಲ.

"ಏನೇ ಅದು?" ಅಂದಳು ದೊಡ್ಡಮ್ಮ ಬಾಗಿಲಲ್ಲಿ ನಿಂತು. "ಇನ್ನೂ ಉಜ್ಜಿಲ್ವಲ್ಲೇ ಅದನ್ನ."

"ಹ್ಞೂಂ. ಉಜ್ಜಿಲ್ಲ."

ದೊಡ್ಡಮ್ಮ ನನ್ನ ಮುಖ ನೋಡಿದಳು. ಬಂದು ಮೂಟೆಯ ಇನ್ನೊಂದು ತುದಿ ಹಿಡಿದಳು.

ನಗಾರಿ ಶುರುವಾಗಿತ್ತು. ಕೋಚ್ ಸರ್ ಮಣೆಯ ಮೇಲೆ ಕೈಯೆತ್ತಿ ಕಣ್ಣು ಮುಚ್ಚಿ ನಿಂತಿದ್ದರು. ನಾವಿಬ್ಬರೂ ಮೂಟೆಯ ಬಾಯಿ ಬಿಚ್ಚಿ ಮಣೆಯ ಸುತ್ತ ಸುರಿದುಕೊಂಡು ಬಂದೆವು. ಎಡಕ್ಕೆ, ಹಿಂದಕ್ಕೆ, ಬಲಕ್ಕೆ, ಕೊನೆಗೆ ಮಣೆಗೂ ಹಾಸಿಗೆಗೂ ನಡುವೆ. ಸದ್ದಿಗೆ ಅವರು ಕಣ್ಣು ಬಿಟ್ಟರು. ಮೈಕಿನವನು ಯಾಕೋ ನಗಾರಿ ನಿಲ್ಲಿಸಿದ.

"ಏನಿದು?" ಅಂದರು. ಅವರ ಕಾಲರಿನಲ್ಲಿ ಸಣ್ಣ ಮೈಕು ಸಿಕ್ಕಿಸಿತ್ತು. ಮಾತು ಇಡೀ ಹಾಲಿಗೆ ಕೇಳಿತು.

"ಗಾಜು ಸರ್. ನಾವು ಉಜ್ಜದೇ ಇರೋ ಗಾಜು. ಅಲ್ಲಿ ಹಾಸಿರೋದು ಅಂಚು ಸಾಯಿಸಿ, ಒಂದೊಂದಕ್ಕೂ ಬೆರಳಾಡಿಸಿ ಇಟ್ಟಿರೋದು. ಅದು ಯಾರನ್ನೂ ಕೊಯ್ಯಲ್ಲ. ಕೊಯ್ಯೋದನ್ನೆಲ್ಲ ನಮ್ಮ ಕೈಯೇ ಮೊದ್ಲು ನೋಡ್ಕೊಂಡಿರುತ್ತೆ. ಇದಕ್ಕೆ ಯಾರೂ ಕೈ ಹಾಕಿಲ್ಲ."

ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಮೆಲ್ಲಗೆ ಎರಡೂ ಕಾಲು ಕುರ್ಚಿಯ ಮೇಲೆ ಎಳೆದುಕೊಂಡಳು.

ಕೋಚ್ ಸರ್ ಸುಧಾರಿಸಿಕೊಂಡರು. "ಸ್ನೇಹಿತರೇ, ನೋಡಿದ್ರಲ್ಲ. ನಾವು ಬೆಳೆಯೋಕೆ ಹೊರಟಾಗ ನಮ್ಮನ್ನ ಕೆಳಗೆ ಎಳೆಯೋ ಶಕ್ತಿ ಅಂತ ನಾನು ಹೇಳ್ತಿದ್ದೆನಲ್ಲ, ಅದು ಇದೇ."

"ಹಾಗಾದ್ರೆ ನಡೀರಿ ಸರ್," ಅಂತ ಹಿಂದಿನಿಂದ ಒಂದು ಗಂಡು ದನಿ ಬಂತು. ಕೀಟಲೆಗೆ ಹೇಳಿದ್ದಲ್ಲ. ಪಾಪ, ನಂಬಿಕೆಯಿಂದಲೇ ಹೇಳಿದ. ಇನ್ನೂ ನಾಲ್ಕೈದು ಜನ ದನಿಗೂಡಿಸಿದರು. "ನಡೀರಿ ಸರ್. ತೋರಿಸಿ ಸರ್."

ಅವರು ಬಲಗಾಲು ಎತ್ತಿದರು. ಕೆಳಗೆ ಒಂದು ಬಾಟಲಿಯ ಕತ್ತು ನೆಟ್ಟಗೆ ನಿಂತಿತ್ತು. ಎತ್ತಿದ ಕಾಲನ್ನು ಮತ್ತೆ ಮಣೆಯ ಮೇಲೇ ಇಟ್ಟರು.

"ಗುಡಿಸ್ರೇ ಅದನ್ನ, ಬೇವರ್ಸಿ ಮುಂಡೇವಾ," ಅಂತ ಹಲ್ಲುಕಿರುಕ ಸ್ಟೇಜಿನ ಅಂಚಿನಿಂದ ಕೂಗಿದ. ಅವನೂ ಬರಿಗಾಲಲ್ಲಿದ್ದ, ಒಂದು ಹೆಜ್ಜೆ ಮುಂದೆ ಬರಲಿಲ್ಲ. ಬಾಗಿಲಿನ ಕಡೆ ತಿರುಗಿ ಸೆಕ್ಯುರಿಟಿಯವರನ್ನು ಕರೆಯಿರಿ ಅಂತ ಯಾರಿಗೋ ಹೇಳಿದ.

ನಾವು ಐದು ಜನರಲ್ಲಿ ಯಾರೂ ಪೊರಕೆ ಮುಟ್ಟಲಿಲ್ಲ. ನಾನು ಸ್ಟೇಜಿನ ಮೇಲೆ ಕೂತುಬಿಟ್ಟೆ. ಮೂರು ವರ್ಷದಲ್ಲಿ ಆ ಹಾಲಿನೊಳಗೆ ನಾನು ಕೂತದ್ದು ಅದೇ ಮೊದಲು. ಸೊಂಟಕ್ಕೆ ಎಷ್ಟು ಹಾಯೆನಿಸಿತು ಅಂದರೆ ಹೇಳಲು ನಾಚಿಕೆಯಾಗುತ್ತದೆ. ದೊಡ್ಡಮ್ಮ ನನ್ನ ಪಕ್ಕ ಕೂತಳು. ಉಳಿದಿಬ್ಬರೂ ಬಂದು ಕೂತರು. ಓರಗಿತ್ತಿ ಪರದೆಯ ಹಿಂದಿನಿಂದ ಬಂದವಳು ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಎಡಗೈ ನೆಲಕ್ಕೆ ಊರಿ ಕೂತು, ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಮೊಣಕಾಲಿನ ಮೇಲಿಟ್ಟುಕೊಂಡಳು.

"ನಿಮಗೇನು ಬೇಕು?" ಅಂದರು ಕೋಚ್ ಸರ್. ಮೊದಲ ಸಲ ಅವರ ದನಿಯಲ್ಲಿ ಎಣ್ಣೆ ಇರಲಿಲ್ಲ.

"ನಿನ್ನೆ ಕೇಳಿದ್ದೇ ಸರ್. ಒಂದು ಕಾಗದ. ಬರ್ಕೊಡಿ, ಗುಡಿಸ್ತೀವಿ. ಅದು ನಮ್ಮ ಕೆಲ್ಸವೇ, ಚೆನ್ನಾಗಿ ಗುಡಿಸ್ತೀವಿ."

ಹಾಲಿನಲ್ಲಿ ಯಾರೋ ಎದ್ದರು. ಅವರ ಹಿಂದೆ ಇನ್ನೊಬ್ಬರು. ಬಾಗಿಲ ಬಳಿ ಬೂಟು ಹುಡುಕುವ ಸದ್ದು ಕೇಳತೊಡಗಿತು. ಮೈಕಿನವನು ತನ್ನ ಮೇಜಿನಿಂದ ಒಂದು ರಟ್ಟು, ಕಂಪನಿಯ ಹೆಸರಿದ್ದ ಒಂದು ಬಿಳಿ ಹಾಳೆ, ಪೆನ್ನು ತಂದು ನನ್ನ ಕೈಗಿತ್ತು, ಏನೂ ಆಗದವನಂತೆ ಹೋಗಿ ತನ್ನ ಜಾಗದಲ್ಲಿ ಕೂತ. ನಾನು ಎದ್ದು ಬೂಟುಗಾಲಲ್ಲಿ ಗಾಜು ತುಳಿದುಕೊಂಡು ಹೋಗಿ ಅದನ್ನು ಕೋಚ್ ಸರ್ ಕೈಗೆ ಕೊಟ್ಟೆ.

ಅವರು ಹಾಳೆ ನೋಡಿದರು. ಹಾಲಿನ ಕಡೆ ನೋಡಿದರು. ಹೊರಗೆ ಮೆಟ್ಟಿಲ ಮೇಲೆ ನಾಲ್ಕಾರು ಜನ ಸೆಕ್ಯುರಿಟಿಯವರು ಭಾರದ ಬೂಟು ಹಾಕಿಕೊಂಡು ಓಡಿ ಬರುತ್ತಿದ್ದರು.

"ಏನಂತ ಬರೀಲಿ?" ಅಂದರು, ಮೆಲ್ಲಗೆ, ನನಗೊಬ್ಬಳಿಗೇ ಕೇಳಲಿ ಅಂತ. ಮೈಕಿನವನು ಅದನ್ನೂ ಮುನ್ನೂರು ಜನರಿಗೆ ಕೇಳಿಸಿದ.

"ಗಾಜು ಕೊಯ್ತು ಅಂತ ಬರೀರಿ ಸರ್," ಅಂದೆ.